ಡ್ಯೂಟಿ ಮುಗಿಸಿ ಬಂದು – 17: ಅಜ್ಜಿಯ ಹೆಸರು ಹೇಳಿ ಆಸ್ಪತ್ರೆ ಬಿಡಿಸಬೇಡಿ

ಹೋದ ಸಲ ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಬಗ್ಗೆ ಬರೆದಿದ್ದೆ. ಆಗಸ್ಟ್ 3ಕ್ಕೆ ಅಜ್ಜಿ ಸೊಪ್ಪು ಬೇಯಿಸಿ ನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡುತ್ತಿದ್ದದ್ದು, ಮಾರನೇ ದಿನ ಹುಡುಗರೆಲ್ಲ ಬಚ್ಚಲ ಹಿಂದೆ ನಿಂತು ‘ನಂದೇ ಜಾಸ್ತಿ ಕೆಂಪು’ ಅಂತ ಪಂದ್ಯ ಕಟ್ಟುತ್ತಿದ್ದದ್ದು. ಓದಿ ನೀವೆಲ್ಲ ಖುಷಿಪಟ್ಟಿರಿ. ಸೋಮವಾರಪೇಟೆಯಿಂದ ಬೆಂಗಳೂರಿನವರೆಗೆ ನಮ್ಮವರೆಲ್ಲ ತಮ್ಮ ತಮ್ಮ ಅಜ್ಜಿಯರನ್ನು ನೆನೆದುಕೊಂಡಿರಿ. ಅಲ್ಲಿಗೆ ನಿಂತಿದ್ದರೆ ಈ ಪೋಸ್ಟ್ ಬರೆಯುವ ಕೆಲಸವೇ ಇರಲಿಲ್ಲ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ‘ನಮ್ಮ ಹಿರಿಯರು ಯಾವ ಆಸ್ಪತ್ರೆಗೆ ಹೋಗಿದ್ದರು?’ ಅಂತ ಒಬ್ಬರು. ‘ಇಂಗ್ಲಿಷ್ ಮದ್ದು ಬಂದ ಮೇಲೇ ಕಾಯಿಲೆ ಜಾಸ್ತಿ ಆಗಿದ್ದು’ ಅಂತ ಇನ್ನೊಬ್ಬರು. ಅದು ಹಾಗೇ ಫ್ಯಾಮಿಲಿ ಗ್ರೂಪಿಗೆ ಬಂತು. ಚಿಕ್ಕಮ್ಮನ ಮಗಳಿಗೆ ಮುಂದಿನ ತಿಂಗಳು ಹೆರಿಗೆ. ‘ಮಗು ಹಳದಿಯಾದರೆ ಲೈಟ್ ಕೆಳಗೆ ಇಡೋಕೆ ಬಿಡಬೇಡಿ. ಎಳೆಬಿಸಿಲು ಸಾಕು. ಜಾಸ್ತಿ ಆದರೆ ಒಂದು ಸಣ್ಣ ಬರೆ ಎಳೆಸಿದರೆ ಆಯ್ತು, ನಮ್ಮ ಕಾಲದಲ್ಲಿ ಎಲ್ಲರಿಗೂ ಹಾಕ್ತಿದ್ರು’ ಅಂತ ಹಿರಿಯರೊಬ್ಬರು ಬರೆದರು. ಅದಕ್ಕೆ ಹನ್ನೊಂದು ಜನ ಕೈಮುಗಿದರು. ಆ ಹನ್ನೊಂದರಲ್ಲಿ ಇಬ್ಬರು ಡಿಗ್ರಿ ಮಾಡಿದವರು.

ಅವರು ನನಗಿಂತ ದೊಡ್ಡವರು, ಎತ್ತಿ ಆಡಿಸಿದವರು. ಎದುರು ಮಾತಾಡುವುದು ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲ. ಆದರೆ ಹುಟ್ಟಲಿರುವ ಕೂಸಿನ ವಿಷಯದಲ್ಲಿ ಮರ್ಯಾದೆ ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ಮೊದಲು ‘ಯಾವ ಆಸ್ಪತ್ರೆಗೆ ಹೋಗಿದ್ದರು’ ಅನ್ನುವ ಪ್ರಶ್ನೆಯನ್ನೇ ನೋಡೋಣ. ಹೋಗಿರಲಿಲ್ಲ, ನಿಜ. ಯಾಕೆ ಹೋಗಿರಲಿಲ್ಲ? ಪುಷ್ಪಗಿರಿ ಬುಡದ ನಮ್ಮೂರಿಗೆ ರಸ್ತೆಯೇ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಹೊಳೆ ದಾಟುವ ಹಾಗಿಲ್ಲ. ಕಾಯಿಲೆಯವರನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ನಾಲ್ಕು ಜನ ಹೊತ್ತು ಶಾಂತಳ್ಳಿ ತನಕ ನಡೆಯಬೇಕಿತ್ತು, ಅಲ್ಲಿಂದ ಗಾಡಿ ಸಿಕ್ಕಿದರೆ ಸೋಮವಾರಪೇಟೆ. ಅಜ್ಜಿ ಕಷಾಯ ಕಾಯಿಸಿದ್ದು ಆಸ್ಪತ್ರೆ ಬೇಡ ಅಂತಲ್ಲ, ಇರಲಿಲ್ಲ ಅಂತ.

ಅಜ್ಜಿ ಹೆತ್ತದ್ದು ಒಂಬತ್ತು. ಉಳಿದದ್ದು ಐದು. ಹಜಾರದ ಗೋಡೆಯ ಫೋಟೋದಲ್ಲಿ ನೀವು ನೋಡಿರುವುದು ಆ ಐದು ಜನರನ್ನು. ‘ನಮಗೆಲ್ಲ ಅದೇ ಮದ್ದು ಹಾಕಿ ಬೆಳೆಸಿದ್ದು, ಏನಾಗಿದೆ ನಮಗೆ?’ ಅಂತ ಇವತ್ತು ಕೇಳುತ್ತಿರುವವರೂ ಆ ಐದರಲ್ಲಿ ಸೇರಿದವರೇ. ಉಳಿದ ನಾಲ್ವರಿಗೂ ಅದೇ ಮದ್ದು ಹಾಕಿದ್ದರು ದೊಡ್ಡಪ್ಪ. ಅವರು ಗ್ರೂಪಿನಲ್ಲಿಲ್ಲ, ಅಷ್ಟೇ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ 70ರ ಆಸುಪಾಸು. ಮಲೆಸೀಮೆಯ ಊರುಗಳನ್ನೇ ಖಾಲಿ ಮಾಡಿಸುತ್ತಿದ್ದ ಮಲೇರಿಯಾ ನಮ್ಮ ಕಷಾಯಕ್ಕೆ ಹೆದರಿ ಓಡಲಿಲ್ಲ. 1953ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದವರು ಮನೆಮನೆಗೆ ಬಂದು ಡಿಡಿಟಿ ಹೊಡೆದದ್ದಕ್ಕೆ ಹೆದರಿತು. ಸಿಡುಬು ಬೇವಿನ ಸೊಪ್ಪಿಗೆ ಹೋಗಲಿಲ್ಲ, ಲಸಿಕೆಗೆ ಹೋಯಿತು.

ಈಗ ಕೂಸಿನ ಹಳದಿಯ ವಿಷಯ. ಇದನ್ನು ಚಿಕ್ಕಮ್ಮ ಎರಡು ಸಲ ಓದಬೇಕು.

ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎರಡನೇ ಮೂರನೇ ದಿನ ಸ್ವಲ್ಪ ಹಳದಿ ಕಾಣಿಸುತ್ತದೆ. ಹೆಚ್ಚಿನವಕ್ಕೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಬರೆ ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ಇಳಿಯುತ್ತದೆ. ಹಾಕಿದ ಮನೆಯಲ್ಲಿ ಬರೆಗೆ ಹೆಸರು ಬರುತ್ತದೆ, ಇಷ್ಟೇ ಗುಟ್ಟು. ಆದರೆ ಕೆಲವು ಮಕ್ಕಳಲ್ಲಿ ಬಿಲಿರುಬಿನ್ ಏರುತ್ತಾ ಹೋಗಿ ಮೆದುಳಿಗೆ ಇಳಿಯುತ್ತದೆ. ಹಾಗಾದರೆ ಆ ಮಗು ಸಾಯಬಹುದು. ಬದುಕಿದರೆ ಕಿವಿ ಕೇಳಿಸದೆ, ಕತ್ತು ನಿಲ್ಲದೆ, ಕೈಕಾಲು ಸೆಟೆದುಕೊಂಡು ಬದುಕಬಹುದು. ಯಾವ ಮಗು ಆ ದಾರಿಗೆ ಹೋಗುತ್ತದೆ ಅಂತ ಬಣ್ಣ ನೋಡಿ ಹೇಳಲು ನನಗೂ ಬರುವುದಿಲ್ಲ, ನಮ್ಮ ಡಾಕ್ಟರಿಗೂ ಬರುವುದಿಲ್ಲ. ಅದಕ್ಕೇ ಅಳೆಯುವುದು. ಹುಟ್ಟಿದ 24 ಗಂಟೆಯೊಳಗೇ ಹಳದಿ ಬಂದರೆ, ಅಂಗೈ ಅಂಗಾಲಿನವರೆಗೆ ಇಳಿದರೆ, ಕೂಸು ಹಾಲು ಕುಡಿಯದೆ ಮಂಕಾಗಿ ಮಲಗೇ ಇದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ನಾಲ್ಕು ದಿನದ ಕೂಸಿನ ಚರ್ಮ ಸುಟ್ಟರೆ ಹಳದಿ ಇಳಿಯುವುದಿಲ್ಲ. ನಂಜು ಒಳಗೆ ಹೋಗಲು ಬಾಗಿಲು ತೆಗೆದಂತಾಗುತ್ತದೆ, ಅಷ್ಟೇ.

ಎಳೆಬಿಸಿಲಿನ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರಿಗೆ ಪೂರ್ತಿ ಮಾರ್ಕು ಕೊಡದಿದ್ದರೂ ಅರ್ಧ ಮಾರ್ಕು ಕೊಡಬೇಕು. ಯಾಕೆಂದರೆ ನೀವು ಬೈಯುತ್ತಿರುವ ಆ ನೀಲಿ ಲೈಟ್ ಹುಟ್ಟಿದ್ದೇ ಬಿಸಿಲಿನಿಂದ. ಅದನ್ನು ಮೊದಲು ಗಮನಿಸಿದ್ದು ಒಬ್ಬ ನರ್ಸ್. (ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ.) 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬವರು ತಿಂಗಳು ತುಂಬದ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಟ್ಟೆ ಮುಚ್ಚಿದ್ದ ಕಡೆ ಚರ್ಮ ಹಳದಿಯಾಗೇ ಇದೆ, ಬಿಸಿಲು ಬಿದ್ದ ಕಡೆ ತಿಳಿಯಾಗಿದೆ ಅಂತ ಅವರು ಡಾಕ್ಟರುಗಳಿಗೆ ತೋರಿಸಿದರು. ನಮ್ಮಜ್ಜಿಯೂ ಅಷ್ಟನ್ನು ನೋಡಿದ್ದಳು. ವ್ಯತ್ಯಾಸ ಎಲ್ಲಿ ಅಂದರೆ, ಅಲ್ಲಿನವರು ನೋಡಿ ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿದರು, ಯಾವ ಬಣ್ಣದ ಬೆಳಕು, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದರು, 1958ರಲ್ಲಿ ಬರೆದು ಪ್ರಕಟಿಸಿದರು. ಇವತ್ತು ನನ್ನ ವಾರ್ಡಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀಲಿ ಬೆಳಕಿನಡಿ ಮಲಗಿರುವ ಮಗುವಿಗೆ ಸಿಗುತ್ತಿರುವುದು ಅಳತೆ ಇರುವ ಬಿಸಿಲು. ಸೋಮವಾರಪೇಟೆಯ ಜುಲೈ ತಿಂಗಳಲ್ಲಿ ಅಳತೆ ಬಿಡಿ, ಬಿಸಿಲೇ ಎಲ್ಲಿದೆ?

ಬರೆ ನಮ್ಮೊಬ್ಬರದ್ದೇ ಸಂಪತ್ತು ಅಂತ ತಿಳಿದುಕೊಂಡಿದ್ದರೆ ಅದೂ ಅಲ್ಲ. ದುಬೈ ಅಂದರೆ ನಿಮಗೆಲ್ಲ ಬುರ್ಜ್ ಖಲೀಫಾ. ದುಬೈಗೂ ಒಂದು ಬೆಟ್ಟದೂರು ಇದೆ, ಹತ್ತಾ ಅಂತ, ಹಜರ್ ಬೆಟ್ಟಸಾಲಿನಲ್ಲಿ. ಈ ದೇಶದ ವಯಸ್ಸಾದವರು ಅಡ್ಮಿಟ್ ಆದಾಗ ಮೈ ಒರೆಸುತ್ತಾ ನೋಡಿದರೆ, ಎಷ್ಟೋ ಜನರ ಹೊಟ್ಟೆ ಮೇಲೆ, ಹಿಮ್ಮಡಿ ಹತ್ತಿರ, ನಡುನೆತ್ತಿಯಲ್ಲಿ ಹಳೆಯ ಸುಟ್ಟ ಗುರುತು. ವಸಮ್ ಅನ್ನುತ್ತಾರೆ. ಕಾಯಿಸಿದ ಕಬ್ಬಿಣದ ಬರೆ, ಕಾಮಾಲೆಗೂ ಸೊಂಟನೋವಿಗೂ ಒಂದೇ. (ಯಾರದ್ದು, ಯಾವ ವಾರ್ಡು ಅಂತ ಕೇಳಬೇಡಿ. ಇಲ್ಲಿ ರೋಗಿಯ ಗುರುತು ಹೇಳಿದರೆ ನನ್ನ ಲೈಸೆನ್ಸ್ ಮಾತ್ರ ಅಲ್ಲ, ನಾನೂ ಇರುವುದಿಲ್ಲ.) ಅವರ ಮೊಮ್ಮಕ್ಕಳ ಮೈಮೇಲೆ ಆ ಗುರುತು ನಾನು ನೋಡಿಲ್ಲ.

ಅಬುಧಾಬಿಯ ಅಲ್ ಐನ್‌ನಲ್ಲಿ 1960ರಲ್ಲಿ ಅಮೆರಿಕದ ಡಾಕ್ಟರ್ ದಂಪತಿ ಬಂದು ಮೊದಲ ಆಸ್ಪತ್ರೆ ಶುರು ಮಾಡಿದಾಗ, ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಉಳಿಯುತ್ತಿರಲಿಲ್ಲ ಅಂತ ಆ ಆಸ್ಪತ್ರೆಯ ಚರಿತ್ರೆ ಹೇಳುತ್ತದೆ. ಅವರನ್ನು ಕರೆಸಿಕೊಂಡದ್ದು ಅಲ್ಲಿನ ಆಳುವ ಮನೆತನದವರೇ. ಹಾಗಂತ ಇಲ್ಲಿನವರು ತಮ್ಮ ಮದ್ದನ್ನು ಮರೆತಿದ್ದಾರಾ? ಇಲ್ಲ. ಕೆಮ್ಮಿಗೆ ಸಿದ್ರ್ ಮರದ ಜೇನು, ಹೊಟ್ಟೆಗೆ ಸೋಂಪಿನ ಕಷಾಯ, ಕರಿಜೀರಿಗೆ ಎಣ್ಣೆ ಎಲ್ಲ ಫ್ಲಾಸ್ಕಿನಲ್ಲಿ, ಬಾಟಲಿಯಲ್ಲಿ ವಾರ್ಡಿಗೇ ಬರುತ್ತದೆ. ನಾವು ಬೇಡ ಅನ್ನುವುದಿಲ್ಲ. ಏನು ಕುಡಿದಿರಿ, ಎಷ್ಟು ಕುಡಿದಿರಿ ಅಂತ ಕೇಳಿ ಚಾರ್ಟಿನಲ್ಲಿ ಬರೆದುಕೊಳ್ಳುತ್ತೇವೆ. ಅವರು ಫ್ಲಾಸ್ಕ್ ಹಿಡಿದು ಆಸ್ಪತ್ರೆಗೆ ಬರುತ್ತಾರೆ, ಫ್ಲಾಸ್ಕ್ ಇದೆ ಅಂತ ಮನೆಯಲ್ಲಿ ಉಳಿಯುವುದಿಲ್ಲ.

ಹಾವಿನ ವಿಷಯ ಎತ್ತದೆ ಬಿಟ್ಟರೆ ಊರಿನ ಗೆಳೆಯರು ಬಿಡುವುದಿಲ್ಲ. ‘ನಮ್ಮ ಕಡೆಯ ನಾಟಿ ಮದ್ದಿನವರು ನೂರು ಜನರನ್ನು ಉಳಿಸಿದ್ದಾರೆ’ ಅಂತ ಹೇಳುತ್ತೀರಿ. ಸುಳ್ಳು ಅನ್ನುವುದಿಲ್ಲ. ಆದರೆ ನಮ್ಮ ತೋಟ, ಗದ್ದೆಯಲ್ಲಿ ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಇಳಿಸಿರುವುದಿಲ್ಲ. ಅಂಥವರು ಬೇರು ಅರೆದು ಕುಡಿಸಿದರೂ ಬದುಕುತ್ತಾರೆ, ಬೆಲ್ಲದ ಕಾಫಿ ಕುಡಿಸಿದರೂ ಬದುಕುತ್ತಾರೆ. ಉಳಿದವರ ಲೆಕ್ಕ ನೋಡಿ: 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ವರ್ಷಕ್ಕೆ 58 ಸಾವಿರ. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ. ಬೆಳಗಿನ ಜಾವಕ್ಕೆ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಆಗ ಬೇಕಾದದ್ದು ವೆಂಟಿಲೇಟರ್ ಮತ್ತು ವಿಷನಿರೋಧಕ ಇಂಜೆಕ್ಷನ್. 2024ರಲ್ಲಿ ನಮ್ಮ ಕರ್ನಾಟಕವೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಡೆಸಬೇಡಿ. ಕೈಕಾಲು ಅಲ್ಲಾಡದ ಹಾಗೆ ಮಲಗಿಸಿ ಜೀಪು ಹತ್ತಿಸಿ. ನಾಟಿ ಮದ್ದಿನವರ ಮೇಲೆ ನಂಬಿಕೆ ಇದ್ದರೆ ಅವರನ್ನೂ ಅದೇ ಜೀಪಿನಲ್ಲಿ ಕೂರಿಸಿಕೊಳ್ಳಿ.

ಮತ್ತೆ ಅಜ್ಜಿಗೇ ಬರುತ್ತೇನೆ. ನೀವು ಯಾರ ಹೆಸರು ಹೇಳಿಕೊಂಡು ಇದನ್ನೆಲ್ಲ ಹಂಚುತ್ತಿದ್ದೀರೋ ಆ ಹೆಂಗಸು ಹೇಗಿದ್ದಳು ಅಂತ ಮರೆತುಬಿಟ್ಟಿದ್ದೀರಿ. ಕಾಳುಮೆಣಸು, ಶುಂಠಿ, ದೊಡ್ಡಪತ್ರೆ ಹಾಕಿ ಮೂರು ದಿನ ಕಷಾಯ ಕೊಡುತ್ತಿದ್ದಳು. ರಾತ್ರಿ ಎರಡು ಸಲ ಎದ್ದು ಹಣೆ ಮುಟ್ಟಿ ನೋಡುತ್ತಿದ್ದಳು. ನಾಲ್ಕನೇ ದಿನ ಜ್ವರ ಇದ್ದರೆ ‘ಇದು ನನ್ನ ಕೈ ಮೀರಿದ್ದು’ ಅಂತ ತಾತನಿಗೆ ಹೇಳಿ ಗಾಡಿ ಕಟ್ಟಿಸುತ್ತಿದ್ದಳು. ರಸ್ತೆಯಾದ ಮೇಲೆ ಊರಿಗೆ ಬಂದ ಲಸಿಕೆಯವರ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದು ಅವಳೇ. ಮದ್ದಿಗೆ ದುಡ್ಡು ತೆಗೆದುಕೊಂಡರೆ ಮದ್ದು ಹಿಡಿಯುವುದಿಲ್ಲ ಅಂತ ನಂಬಿದ್ದಳು. ಇವತ್ತು ಅವಳಂಥ ಮುದುಕಿಯ ಚಿತ್ರ ಹಾಕಿ, ಡಬ್ಬಿಗೆ ಸಾವಿರಗಟ್ಟಲೆ ರೇಟು ಬರೆದು ಕೊರಿಯರ್ ಮಾಡುತ್ತಾರೆ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ನೆಟ್‌ನಲ್ಲಿ ಮಾರುವ ಆಯುರ್ವೇದದ ಹೆಸರಿನ 193 ಔಷಧಿ ತರಿಸಿ ಪರೀಕ್ಷೆ ಮಾಡಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅಜ್ಜಿಯ ಹಿತ್ತಲಲ್ಲಿ ಇವು ಮೂರೂ ಬೆಳೆಯುತ್ತಿರಲಿಲ್ಲ.

ಇಲ್ಲಿ ಲೇಬರ್ ಕ್ಯಾಂಪಿನಿಂದ ಬರುವ ನಮ್ಮ ದೇಶದ ಹುಡುಗರನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಸಕ್ಕರೆ ಕಾಯಿಲೆ ಇದ್ದು, ವಿಡಿಯೋ ನೋಡಿ ಮಾತ್ರೆ ಬಿಟ್ಟು, ಕಾಲಿನ ಗಾಯಕ್ಕೆ ಅರಿಶಿನ ಮೆತ್ತಿಕೊಂಡು, ಬೆರಳು ಕಪ್ಪಾದ ಮೇಲೆ ಬರುತ್ತಾರೆ. ಇನ್ಶೂರೆನ್ಸ್ ಇದೆ. 2025ರ ಜನವರಿಯಿಂದ ಏಳೂ ಎಮಿರೇಟಿನಲ್ಲಿ ಕಡ್ಡಾಯ. ಆದರೆ ಒಂದು ದಿನದ ಕೂಲಿ ಹೋಗುತ್ತದೆ, ತಮ್ಮ ಪಾಲಿನ ಫೀಸು ಕಟ್ಟಬೇಕು ಅನ್ನುವ ಹೆದರಿಕೆ. ಅಜ್ಜಿಗೆ ಹೊಳೆ ಅಡ್ಡ ಇದ್ದ ಹಾಗೆ ಇವರಿಗೆ ಇದು ಅಡ್ಡ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮನೆ ಬಾಗಿಲಿಗೆ ಟಾರು ರಸ್ತೆ, ಅಂಗಳದಲ್ಲಿ ಕಾರು ಇಟ್ಟುಕೊಂಡು ‘ಹಿರಿಯರ ದಾರಿ’ ಅನ್ನುವವರದ್ದು ಅರ್ಥವಾಗುವುದಿಲ್ಲ.

ಚಿಕ್ಕಮ್ಮಾ, ಹೆರಿಗೆಯಾದ ಮೇಲೆ ಡಿಸ್ಚಾರ್ಜ್‌ಗೆ ಮೊದಲು ಕೂಸಿನ ಬಿಲಿರುಬಿನ್ ಎಷ್ಟಿದೆ ಅಂತ ಕೇಳಿ ನನಗೆ ಕಳಿಸಿ. ನೈಟ್ ಡ್ಯೂಟಿ ಇದ್ದರೂ ಬ್ರೇಕ್‌ನಲ್ಲಿ ನೋಡುತ್ತೇನೆ. ವರ್ಷ ತುಂಬುವ ತನಕ ನಾಲಿಗೆಗೆ ಜೇನು ಸವರಬೇಡಿ, ಬಜೆ ತೇಯ್ದು ನೆಕ್ಕಿಸಬೇಡಿ. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಎಣ್ಣೆಸ್ನಾನ ಎಲ್ಲ ಧಾರಾಳವಾಗಿ ನಡೆಯಲಿ, ನಾನಿದ್ದಿದ್ದರೆ ನಾನೇ ನೀರು ಕಾಯಿಸುತ್ತಿದ್ದೆ.

ಡಿಸೆಂಬರಿನಲ್ಲಿ ಇಲ್ಲಿಗೆ ಬರುವವರು ಒಣಗಿಸಿದ ದೊಡ್ಡಪತ್ರೆ, ಕಾಳುಮೆಣಸು, ಒಂದು ಸಣ್ಣ ಬಾಟಲಿ ಕಾಚಂಪುಳಿ ತನ್ನಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ನಿದ್ದೆ ಬರಲಿ ಅಂತ ಅಜ್ಜಿ ಕೊಡುತ್ತಿದ್ದ ಅದೇ ಗಸಗಸೆ ಈ ದೇಶದಲ್ಲಿ ನಿಷೇಧ. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಪಾಯಸದ ಕಥೆ ಹೇಳಿ ಬಿಡಿಸಿಕೊಂಡು ಬರಲು ನನ್ನಿಂದಾಗದು.