ಪಾಲಕರ ದುಡ್ಡು ಬೇಡ, ಪಾಲಕರ ಮಾತು ಬೇಕು

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 91.12 ಪಡೆದ ದಕ್ಷಿಣ ಕನ್ನಡ ಮೊದಲ ಸ್ಥಾನದಲ್ಲಿತ್ತು, ಶೇ 42.43 ಪಡೆದ ಕಲಬುರಗಿ ಕಟ್ಟಕಡೆಗೆ. ಫಲಿತಾಂಶ ಬಂದಾಗಲೆಲ್ಲ ಕೇಳಿಬರುವುದು ಒಂದೇ ಮಾತು: ‘ಇಲ್ಲಿನ ಪಾಲಕರಿಗೆ ಕಾಳಜಿ ಇಲ್ಲ.’ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ದುಡಿಯುವ ಜನರ ಮೇಲೆ ಹೊರಿಸುವ ಈ ಆರೋಪ ಅನ್ಯಾಯದ್ದು. ಪಾಲಕರು ಶಾಲೆಯಿಂದ ದೂರ ಸರಿದಿಲ್ಲ, ಅವರನ್ನು ದೂರ ಇಡಲಾಗಿದೆ.

ಸರ್ಕಾರಕ್ಕೆ ಪಾಲಕರ ನೆನಪಾದದ್ದು ಯಾವಾಗ? 2022ರ ಅಕ್ಟೋಬರ್‌ನಲ್ಲಿ. ಶಾಲೆಯ ಖರ್ಚಿಗೆ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಸುತ್ತೋಲೆ ಕಳಿಸಿತು. ಜನ ಸಿಟ್ಟಿಗೆದ್ದರು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸ್ಸಾಯಿತು. ಸ್ವಇಚ್ಛೆಯ ದೇಣಿಗೆ ಎಂದು ಸಮಜಾಯಿಷಿ ಕೊಟ್ಟರೂ, ಶಾಲೆಯಲ್ಲಿ ಪಟ್ಟಿ ಎತ್ತಿದರೆ ಕೊಡಲಾಗದವರ ಮಗು ತಲೆ ತಗ್ಗಿಸಬೇಕಾಗುತ್ತದೆ.

ಅಷ್ಟಕ್ಕೂ ದುಡ್ಡಿನ ಮೂಲ ಇಲ್ಲವೇ? ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೊಂದು ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2024–25ರ ರಾಜ್ಯ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಸೇಡಂ, ಚಿತ್ತಾಪುರ ಸೀಮೆಯ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ನಡೆಸುತ್ತಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಕಂಪನಿಗಳು ಹಣ ಕಟ್ಟಬೇಕು. ಆ ಹಣದ ಆದ್ಯತೆಗಳಲ್ಲಿ ಶಿಕ್ಷಣವೂ ಇದೆ. ಹೀಗಿದ್ದರೂ 100 ಮಕ್ಕಳ ಶಾಲೆಯೊಂದಕ್ಕೆ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರ್, ಕೆಟ್ಟ ನಳ, ಶೌಚಾಲಯದ ಸ್ವಚ್ಛತೆ ಎಲ್ಲಕ್ಕೂ ಅಷ್ಟರಲ್ಲೇ ಹೊಂದಿಸಬೇಕು. ನೆಲದಡಿಯ ಸಂಪತ್ತು ಕೊಟ್ಟ ಊರಿನ ಮಕ್ಕಳಿಗಾಗಿ ಅವರ ಅಪ್ಪ-ಅಮ್ಮನ ಮುಂದೆ ಕೈಚಾಚುವುದು ನಾಚಿಕೆಗೇಡು.

ಪಾಲಕರಿಗೆ ಬೇಕಾದ ಅಧಿಕಾರವೂ ಕಾನೂನಿನಲ್ಲಿದೆ. ಕರ್ನಾಟಕ 2001ರಲ್ಲೇ ಎಸ್‌ಡಿಎಂಸಿ ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಸಮಿತಿ ರೂಪಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು. ನಡೆಯುವುದು ತಿರುವುಮುರುವು. ಕಾಮಗಾರಿ ಮೇಲಿನಿಂದ ಬರುತ್ತದೆ, ಯೋಜನೆಯ ನಮೂನೆಯನ್ನು ಮುಖ್ಯಗುರುಗಳೇ ತುಂಬಿ ಕಳಿಸುತ್ತಾರೆ.

ಸಭೆಯ ಕತೆಯೂ ಅಷ್ಟೆ. ಕೆಲಸದ ದಿನ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಫರಸಿ ಖಣಿಯ ಕೂಲಿಕಾರ ಆ ದಿನದ ಪಗಾರ ಬಿಟ್ಟು ಬರಬೇಕು. ಬರದಿದ್ದರೆ ನಡಾವಳಿ ಪುಸ್ತಕವನ್ನು ಹುಡುಗನೊಬ್ಬನ ಕೈಲಿ ಮನೆಗೆ ಕಳಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರಾಯಿತು, ಕೋರಂ ತುಂಬಿತು. ಬಂದವರಿಗೂ ಲೆಕ್ಕ ಓದಿ ಹೇಳುವವರಿಲ್ಲ. ಕೊನೆಗೆ ಸಭೆಗೆ ಬಂದ ತಾಯಿಯೊಬ್ಬಳು ಹೇಳುವುದು ಇಷ್ಟೇ: ‘ನಮಗೇನು ತಿಳೀತದ ಸರ್, ನೀವೇ ಮಾಡ್ರಿ.’ ಹಾಗೆ ಹೇಳುವುದನ್ನು ಆಕೆಗೆ ಕಲಿಸಿದ್ದು ಈ ವ್ಯವಸ್ಥೆ.

ಚಿಂಚೋಳಿಯ ತಾಂಡಾಗಳಿಂದ ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಅವರ ಮಕ್ಕಳು ಊರಲ್ಲೇ ಉಳಿದು ಓದಬೇಕೆಂದರೆ ವಲಸೆಗೆ ಮೊದಲೇ ಹಂಗಾಮಿ ವಸತಿ ನಿಲಯ ತೆರೆಯಬೇಕು. ಯಾವ ಮನೆಯವರು ಯಾವಾಗ ಹೊರಡುತ್ತಾರೆಂಬುದು ತಾಂಡಾದ ಪಾಲಕರಿಗೆ ಗೊತ್ತು. ಅವರನ್ನು ಕೇಳದೆ ಮಾಡಿದ ಯೋಜನೆ ತಡವಾಗಿಯೇ ಬರುತ್ತದೆ.

ಎಸ್‌ಡಿಎಂಸಿಗೆ ಅಧಿಕಾರ ಕೊಟ್ಟರೆ ಊರ ರಾಜಕೀಯ ಶಾಲೆಗೆ ನುಗ್ಗುತ್ತದೆ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಪಕ್ಷದ ಹಿಂಬಾಲಕರು ಅಧ್ಯಕ್ಷರಾಗುವುದು ಪಾಲಕರ ಸಭೆ ನೆಪಕ್ಕೆ ನಡೆದ ಕಡೆ. ಎಲ್ಲ ಪಾಲಕರ ಎದುರು ಆಯ್ಕೆ ನಡೆಯಲಿ, ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಬರೆಸಲಿ. ಹತ್ತು ಜನ ನೋಡುವಲ್ಲಿ ಒಬ್ಬನ ಆಟ ನಡೆಯುವುದಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟ. ಪ್ರದೇಶಾಭಿವೃದ್ಧಿ ಮಂಡಳಿಯ ಮತ್ತು ಖನಿಜ ಪ್ರತಿಷ್ಠಾನದ ಹಣದಲ್ಲಿ ಶಾಲೆಗೆ ಯಾವ ಕಾಮಗಾರಿ ಬಂದರೂ ಎಸ್‌ಡಿಎಂಸಿ ಯೋಜನೆಯಲ್ಲಿ ಇಲ್ಲದ್ದಕ್ಕೆ ಮಂಜೂರಾತಿ ಬೇಡ, ಪಾಲಕರ ಸಭೆ ಒಪ್ಪದೆ ಗುತ್ತಿಗೆದಾರರಿಗೆ ಬಿಲ್ ಬೇಡ. ಸಭೆ ಸಂಜೆ ಇಲ್ಲವೇ ರಜೆಯ ದಿನ ನಡೆಯಲಿ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವುದು ಸರ್ಕಾರದ ಹೊಣೆ, ಅದನ್ನು ಯಾವ ದೇಣಿಗೆಯೂ ತುಂಬಲಾರದು.

ಪಾಲಕರಲ್ಲೂ ಒಂದು ಮನವಿ. ಮುಂದಿನ ಸಭೆಗೆ ಹೋಗಿ, ಈ ವರ್ಷ ಶಾಲೆಗೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳಿ. ಉತ್ತರ ಸಿಗುವವರೆಗೆ ಪುಸ್ತಕಕ್ಕೆ ಸಹಿ ಹಾಕಬೇಡಿ.