ಗಾಜಿನ ತೊಟ್ಟಿಯಿಂದ ಹೊರಹೋಗುವ ನೀರು

ಅಬ್ಬಿಯ ನೀರು ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲ ಹಂಡೆಗೆ ಬೀಳುತ್ತಿದ್ದ ಮನೆಗಳಲ್ಲಿ ಬೆಳೆದವರು ನಾವು. ದಂಬೆಯ ಜಾಗಕ್ಕೆ ಈಗ ಕರಿ ಪೈಪು ಬಂದಿದೆ. ಆದರೂ ಹಗಲಿರುಳು ತಾನಾಗಿ ಬರುವ ನೀರಿನ ಭಾಗ್ಯ ಹಲವು ಮನೆಗಳಲ್ಲಿ ಉಳಿದಿದೆ. ಆ ಪೈಪಿಗೆ ಸಣ್ಣ ಕೊಳವೆಯೊಂದನ್ನು ಜೋಡಿಸಿ, ಜಗಲಿಯ ಅಕ್ವೇರಿಯಂಗೆ ಹನಿಹನಿಯಾಗಿ ಹೊಸ ನೀರು ಬಿಡುವ ಕ್ರಮದ ಬಗ್ಗೆ ನಮ್ಮ ಹುಡುಗರು ನನ್ನನ್ನು ವಿಚಾರಿಸುತ್ತಿರುತ್ತಾರೆ. ಕ್ರಮ ಒಳ್ಳೆಯದೇ. ಆದರೆ ನೀರು ಹೇಗೆ ಒಳಗೆ ಬರುತ್ತದೆ ಎಂಬುದಕ್ಕಿಂತ ಎಲ್ಲಿಗೆ ಹೊರಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಜ್ಞಾನವನ್ನು ನೋಡೋಣ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಭಾಗ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದು ಅಷ್ಟು ಉಗ್ರವಲ್ಲದಿದ್ದರೂ ದಿನೇ ದಿನೇ ಶೇಖರವಾಗುತ್ತದೆ. ಅದನ್ನು ತೆಗೆಯುವ ಸುಲಭ ಮಾರ್ಗವೇ ನೀರಿನ ಬದಲಾವಣೆ. ಒಂದು ಕಡೆಯಿಂದ ಹನಿ ಬಿದ್ದಂತೆ ಮತ್ತೊಂದು ಕಡೆಯ ತೂಬಿನಿಂದ ಅಷ್ಟೇ ನೀರು ಹೊರಹೋಗುವುದು ಹನಿ ವ್ಯವಸ್ಥೆಯ ತತ್ತ್ವ. ನೀರಿನ ಉಷ್ಣತೆ, ಆಮ್ಲೀಯತೆ ಒಮ್ಮೆಲೇ ಬದಲಾಗದಿರುವುದರಿಂದ ಮೀನುಗಳಿಗೆ ಆಘಾತವಿಲ್ಲ. ನಲ್ಲಿ ನೀರಿನವರು ಕ್ಲೋರಿನ್ ತೆಗೆಯಲು ಇದ್ದಿಲಿನ ಫಿಲ್ಟರ್ ಇಡಬೇಕಾಗುತ್ತದೆ. ಅಬ್ಬಿ ನೀರಿಗೆ ಆ ತೊಡಕಿಲ್ಲ.

ಇದರಿಂದ ನೀರು ಉಳಿಯುತ್ತದೆ ಎಂಬ ಮಾತು ಮಾತ್ರ ನಿಜವಲ್ಲ. 100 ಲೀಟರಿನ ತೊಟ್ಟಿಯಿಂದ ಒಮ್ಮೆಗೇ 50 ಲೀಟರ್ ತೆಗೆದು ಹೊಸ ನೀರು ತುಂಬಿದರೆ ಹಳೆಯ ಕೊಳೆಯ ಅರ್ಧ ಹೋಗುತ್ತದೆ. ಅದೇ 50 ಲೀಟರನ್ನು ಹನಿಯಾಗಿ ಬಿಟ್ಟರೆ ಸುಮಾರು ಶೇ. 39 ಮಾತ್ರ ಹೋಗುತ್ತದೆ. ಹೊಸ ನೀರೂ ಹಳೆಯದರೊಡನೆ ಬೆರೆತು ಹೊರಹೋಗುವುದೇ ಇದಕ್ಕೆ ಕಾರಣ. ಅರ್ಧ ಕೊಳೆ ಹೋಗಬೇಕಾದರೆ ಸುಮಾರು 69 ಲೀಟರ್ ಬೇಕು. ತೋಟಕ್ಕೆ ಬಳಸುವ, ಗಂಟೆಗೆ 2 ಲೀಟರ್ ಕೊಡುವ ಡ್ರಿಪ್ಪರನ್ನು ದಿನವಿಡೀ ತೆರೆದಿಟ್ಟರೆ 48 ಲೀಟರ್ ಹರಿಯುತ್ತದೆ. ಟೈಮರ್ ಕವಾಟದಿಂದ 5 ಗಂಟೆ ಮಾತ್ರ ಬಿಟ್ಟರೆ 10 ಲೀಟರ್. ಮೀನುಗಳು ಹಿತಮಿತವಾಗಿದ್ದರೆ ಇಷ್ಟು ಧಾರಾಳ.

ಇನ್ನು ನನ್ನ ತಪ್ಪಿನ ವಿಷಯ. ಈ ವ್ಯವಸ್ಥೆಯನ್ನು ಮನೆಯಲ್ಲಿ ಕೂಡಿಸಿದಾಗ ತೂಬಿನ ನೀರನ್ನು ಬಚ್ಚಲ ಚರಂಡಿಗೆ ಬಿಟ್ಟಿದ್ದೆ. ಚರಂಡಿ ಗದ್ದೆಯಂಚಿನ ಹಳ್ಳಕ್ಕೆ ಸೇರುತ್ತದೆ ಎಂಬುದು ತಿಳಿದಿದ್ದರೂ ಯೋಚಿಸಿರಲಿಲ್ಲ. ಒಂದು ವರ್ಷ ದೀಪಾವಳಿಯ ಹೊತ್ತಿಗೆ ಹಳ್ಳದ ಗುಂಡಿಯಲ್ಲಿ ಬಣ್ಣದ ಬಾಲದ ಗಪ್ಪಿಗಳು ತಿರುಗುತ್ತಿದ್ದವು. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು. ಒಂದು ಸೆಂಟಿಮೀಟರೂ ಇಲ್ಲದ ಮರಿಗಳು ತೂಬಿನಲ್ಲಿ ಜಾರಿ ಹೋಗಿದ್ದವು. ಒಮ್ಮೆ ಗರ್ಭ ಕಟ್ಟಿದ ಹೆಣ್ಣು ಗಂಡಿಲ್ಲದೆಯೂ ಹಲವು ಸೂಲು ಮರಿ ಹಾಕಬಲ್ಲದು. ಗೋರಿ ಗೋರಿ ತೆಗೆದೆವು. ಎಲ್ಲವೂ ಸಿಕ್ಕವೆಂದು ಹೇಳುವ ಧೈರ್ಯ ನನಗಿಲ್ಲ.

ಗಪ್ಪಿ ದಕ್ಷಿಣ ಅಮೆರಿಕದ ಮೀನು. ಅಲ್ಲಿಂದಲೇ ಬಂದ ಸಕರ್ ಮೀನು ಇಂದು ನಮ್ಮ ದೇಶದ ಅನೇಕ ಕೆರೆ ಹೊಳೆಗಳಲ್ಲಿ ಬೇರೂರಿ, ದಂಡೆ ಕೊರೆದು ಬಿಲ ಮಾಡುತ್ತಿದೆ. 2018ರ ಕೇರಳದ ನೆರೆಯ ಬಳಿಕ ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿದ್ದು ಸುದ್ದಿಯಾಗಿತ್ತು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿರುವ ಮೀನುಗಳಲ್ಲಿ ಹಲವು ಜಗತ್ತಿನ ಬೇರೆಲ್ಲೂ ಇಲ್ಲ. ಶೃಂಗೇರಿ, ಶಿಶಿಲಗಳಲ್ಲಿ ಮೀನನ್ನು ದೇವರದೆಂದು ಕಾಯುವ ನಾವು, ಮನೆಯ ಹಿಂದಿನ ಹಳ್ಳಕ್ಕೆ ಪರದೇಶದ ಮೀನನ್ನೂ ಅದರ ರೋಗವನ್ನೂ ಬಿಡುವುದು ಯಾವ ನ್ಯಾಯ?

ತೂಬಿಗೆ ಬಲೆ ಕಟ್ಟಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಬಲೆ ರೋಗಾಣುವನ್ನು ತಡೆಯದು. ಪಾಚಿ ಕಟ್ಟಿಕೊಂಡರೆ ನೀರು ತೊಟ್ಟಿಯ ಅಂಚು ಮೀರಿ ಜಗಲಿಗೆ ಹರಿಯುತ್ತದೆ. ಬಲೆಯೂ ಇರಲಿ, ಅದರ ಮುಂದೆ ಮಣ್ಣೂ ಇರಲಿ. ತೂಬಿನ ನೀರನ್ನು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಕೊಂಡೊಯ್ದು, ಸುತ್ತ ಸಣ್ಣ ಬದು ಹಾಕಿ ಅಲ್ಲಿಯೇ ಇಂಗಿಸಬೇಕು. ಮಳೆಗಾಲದಲ್ಲಿ ಮಡಿ ತುಂಬಿ ಹಳ್ಳಕ್ಕೆ ಹರಿಯದಂತೆ ಎತ್ತರದ ಜಾಗವನ್ನೇ ಆರಿಸಬೇಕು. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 15ರಿಂದ 20 ಲೀಟರ್ ಬೇಕಾಗುತ್ತದೆ. ತೊಟ್ಟಿಯ 10 ಲೀಟರ್ ಅದರ ಅರ್ಧದಷ್ಟು ಪೂರೈಸೀತು.

ಮಾರ್ಚ್ ಕಳೆದು ಅಬ್ಬಿ ಸೊರಗಿದಾಗ ಹನಿಯನ್ನು ನಿಲ್ಲಿಸಿರಿ. ಆಹಾರ ಕಡಿಮೆ ಮಾಡಿ, ವಾರಕ್ಕೊಮ್ಮೆ ಒಂದೆರಡು ಬಕೆಟ್ ನೀರು ಬದಲಿಸಿರಿ. ಮೇಲಿನ ಲೆಕ್ಕದಂತೆ ಕಡಿಮೆ ನೀರಿನಲ್ಲಿ ಹೆಚ್ಚು ಕೊಳೆ ತೆಗೆಯುವುದು ಬಕೆಟ್ಟೇ. ಅದೇ ಅಬ್ಬಿಯ ಕೆಳಗೆ ಇನ್ನೊಂದು ಮನೆಯ ಹಂಡೆಯೂ ಕಾದಿರುತ್ತದೆ.

ಮೀನು ಸಾಕುವುದು ಬೇಡವೆಂದು ನಾನು ಹೇಳಲಾರೆ. ಗಾಜಿನ ತೊಟ್ಟಿಯೊಂದು ಮಕ್ಕಳಿಗೆ ಸಾರಜನಕ ಚಕ್ರವನ್ನು ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಆದರೆ ಕೊಳವೆ ಜೋಡಿಸುವ ಮುನ್ನ ವಿದ್ಯಾರ್ಥಿ ಮಿತ್ರರು ತಮ್ಮ ಮನೆಯ ಚರಂಡಿಯ ಜಾಡು ಹಿಡಿದು ಒಮ್ಮೆ ನಡೆದು ನೋಡಲಿ. ಅದು ಹಳ್ಳಕ್ಕೆ ಮುಟ್ಟುವುದಾದರೆ, ಮೊದಲು ಗುದ್ದಲಿ ಹಿಡಿದು ಬಾಳೆಯ ಮಡಿ ಮಾಡಲಿ. ಡ್ರಿಪ್ಪರ್ ಅನಂತರ ತಂದರಾಯಿತು.