ಅಲೆಗಳ ಪರೀಕ್ಷೆ

ವೈಫೈ ಅಲೆಗಳು ಕಣ್ಣಿಗೆ ಕಾಣವು. ಆದರೂ ಗೋಡೆಗಳನ್ನು ದಾಟಿ ನೆರೆಮನೆಯನ್ನು ತಲುಪುತ್ತವೆ. ಪ್ರತಿಯೊಂದು ರೂಟರೂ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಇರವನ್ನು ಸಾರುತ್ತಿರುತ್ತದೆ. ಆ ಸಾರಿಕೆಯನ್ನು ಗ್ರಹಿಸಿ, ಸುತ್ತಲಿನ ಜಾಲಗಳ ಹೆಸರು, ಚಾನೆಲ್, ಬಲ ಮತ್ತು ರಕ್ಷಣೆಯ ಬಗೆಯನ್ನು ತಿಳಿಸುವ ತಂತ್ರಾಂಶಗಳಿವೆ.

ಸಂಪರ್ಕವು ನಿಧಾನವಾದೊಡನೆ ಹೊಸ ಉಪಕರಣವನ್ನು ಕೊಳ್ಳುವುದು ರೋಗವನ್ನರಿಯದೆ ಮದ್ದು ಕುಡಿದಂತೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರಸ್ಪರ ಅಡ್ಡಿಯಾಗದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ನೆರೆಹೊರೆಯವರೆಲ್ಲ ಒಂದರಲ್ಲಿಯೇ ನೆರೆದಿದ್ದರೆ ತಂತ್ರಾಂಶವು ಅದನ್ನು ತೋರಿಸುತ್ತದೆ. ಚಾನೆಲ್ ಬದಲಿಸಿದರೆ ಖರ್ಚಿಲ್ಲದೆ ತೊಂದರೆ ನೀಗಬಹುದು. ಆದುದರಿಂದ ಈ ವಿದ್ಯೆಯನ್ನು ಎಲ್ಲರೂ ಕಲಿಯುವುದು ಒಳಿತು.

ಆದರೆ ಬಾಗಿಲ ಮೇಲಿನ ಹೆಸರನ್ನು ಓದುವುದು ಬೇರೆ, ಮನೆಯೊಳಗಿನ ಪತ್ರವನ್ನು ಓದುವುದು ಬೇರೆ. ಬೀದಿಗಳ ಚಿತ್ರ ತೆಗೆಯುತ್ತಿದ್ದ ತನ್ನ ಕಾರುಗಳು ರಕ್ಷಣೆಯಿಲ್ಲದ ಜಾಲಗಳಿಂದ ಜನರ ಖಾಸಗಿ ಮಾಹಿತಿಯನ್ನೂ ಸಂಗ್ರಹಿಸಿದ್ದುವೆಂದು ಗೂಗಲ್ ಸಂಸ್ಥೆಯು 2010ರಲ್ಲಿ ಒಪ್ಪಿಕೊಂಡಿತು. ಹಲವು ದೇಶಗಳಲ್ಲಿ ತನಿಖೆಗಳು ನಡೆದುವು. ರಕ್ಷಣೆಯಿಲ್ಲದೆ ಬಿಟ್ಟವರದೇ ತಪ್ಪೆಂದು ಕೆಲವರು ವಾದಿಸಬಹುದು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಹೊಗುವ ಹಕ್ಕು ದಾರಿಹೋಕನಿಗೆ ಬರುವುದಿಲ್ಲ. ತನ್ನ ಜಾಲವನ್ನು ಪರೀಕ್ಷಿಸಿ ಭದ್ರಪಡಿಸುವುದು ಜಾಣತನ. ಪರರದನ್ನು ಇಣುಕದಿರುವುದು ಸಜ್ಜನಿಕೆ. ವಿದ್ಯೆಗೆ ಇವೆರಡೂ ಬೇಕು.